ಪಾದವಿಲ್ಲದ ಲಕ್ಷ್ಮಿ

ಅಕ್ಕಿ ಡಬ್ಬದ ಮುಚ್ಚಳವನ್ನು ಒದ್ದೆ ಬಟ್ಟೆಯಿಂದ ಒರೆಸುವಾಗ ಅದರ ಮೇಲಿನ ಲಕ್ಷ್ಮಿಯ ಚಿತ್ರದ ಒಂದು ಅಂಚು ಎದ್ದು ಬಂತು. ಹಳೆಯ ಮೈದಾ ಅಂಟಿನ ವಾಸನೆ. ಈ ಲಕ್ಷ್ಮಿಗೆ ಪಾದಗಳಿಲ್ಲ. ಸೀರೆಯ ನೆರಿಗೆ ಮುಗಿಯುವ ಮೊದಲೇ ಕತ್ತರಿ ಬಿದ್ದಿದೆ. ಪಾದ ಎಲ್ಲಿ ಹೋಯಿತೆಂದರೆ... ಅದಕ್ಕೆ ಮೇಲಿನ ಮನೆಯವರ ವಿಷಯ ಹೇಳಬೇಕು.

ಹೊಸೂರು ರಸ್ತೆಯ ಫ್ಲೈಓವರಿಗೆ ಕಂಬಗಳು ಏಳುತ್ತಿದ್ದ ಕಾಲ. ನಾವು ಜಿಗಣಿಯಲ್ಲಿದ್ದೆವು. ನಾವಿದ್ದ ಕಟ್ಟಡದ ತಾರಸಿಯ ಶೀಟಿನ ಮನೆಯಲ್ಲಿ ಗದಗದ ಕಡೆಯ ಹೆಂಗಸೊಬ್ಬರು ಒಬ್ಬರೇ ಬಾಡಿಗೆಗಿದ್ದರು. ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸ. ದಿನವಿಡೀ ನಿಂತೇ ಇರಬೇಕು. ಅವರಿಗೆ ಹಿಮ್ಮಡಿ ನೋವು ಶುರುವಾಯಿತು. ಬೆಳಗ್ಗೆ ಎದ್ದು ಊರುವ ಮೊದಲ ಹೆಜ್ಜೆಯೇ ಜೀವ ಹಿಂಡುತ್ತಿತ್ತು. ಕಂಪನಿಯ ವ್ಯಾನು ತಪ್ಪಬಾರದೆಂದು ಊಟದ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಮೆಟ್ಟಿಲ ಮೇಲೆ ಕುಳಿತೇ ಒಂದೊಂದಾಗಿ ಜಾರಿ ಇಳಿಯುತ್ತಿದ್ದರು. ನಾನು ಬಾಗಿಲಿಗೆ ನೀರು ಹಾಕುವ ಹೊತ್ತಿಗೆ ಆ ಸರಪರ ಸದ್ದು ಕೇಳುತ್ತಿತ್ತು.

"ನಿಲ್ಲೋಕಾಗ್ದಿದ್ರೆ ಮನೇಲಿರಿ" ಎಂದು ಸೂಪರ್‌ವೈಸರ್ ಹೇಳಿದ್ದಳಂತೆ. ಕೆಲಸ ಹೋದರೆ ಊರಿಗೆ, ಅಣ್ಣನ ಮನೆಗೆ ಮರಳಬೇಕಿತ್ತು. ಅಲ್ಲಿಗೆ ಮರಳಬಾರದೆಂದೇ ಅವರು ಇಲ್ಲಿಗೆ ಬಂದಿದ್ದು.

ಮಲಗಿದಾಗ ಪಾದ ಮುಂದಕ್ಕೆ ಬಾಗದಂತೆ ಪಟ್ಟಿ ಕಟ್ಟಿಕೊಳ್ಳಲು ಡಾಕ್ಟರು ಹೇಳಿದ್ದರು. ಅಂಗಡಿಯದು ಪ್ಲಾಸ್ಟಿಕ್ ಬೂಟಿನಂತಿತ್ತು. ಶೀಟಿನ ಮನೆಯ ಸೆಕೆಗೆ ಅದನ್ನು ಹಾಕಿಕೊಂಡು ಮಲಗುವ ಹಾಗಿರಲಿಲ್ಲ. ಒಂದು ಭಾನುವಾರ ನಾವಿಬ್ಬರೇ ಮಾಡಲು ಕೂತೆವು. ಮೀನಖಂಡಕ್ಕೊಂದು ರಟ್ಟು, ಅಂಗಾಲಿಗೊಂದು ರಟ್ಟು. ಗೋಡೆಯೂ ನೆಲವೂ ಸೇರಿದ ಹಾಗೆ ಎರಡನ್ನೂ ಕೂಡಿಸಬೇಕು. ಮೇಲೆ ಹಳೆಯ ಪಂಚೆಯ ಹೊದಿಕೆ, ಕಟ್ಟಲು ಲಂಗದ ಲಾಡಿ.

ರಟ್ಟು ಅವರೇ ತಂದಿದ್ದರು. ಕಾಲಿಟ್ಟು ಗೀಚಿ, ಕತ್ತರಿಸಿ, ಅಂಗಾಲಿನದಕ್ಕೆ ಎರಡು ಪದರ ಅಂಟಿಸಿಯೂ ಆಗಿತ್ತು. ಮೀನಖಂಡದ ತುಂಡನ್ನು ಬಟ್ಟೆಯ ಮೇಲಿಡಲು ತಿರುಗಿಸಿದೆ... ಲಕ್ಷ್ಮಿ ನನ್ನನ್ನೇ ನೋಡುತ್ತಿದ್ದಳು. ಅದು ಹಳೆಯ ಕ್ಯಾಲೆಂಡರಿನ ರಟ್ಟು.

"ಏನ್ರೀ ಇದು? ದೇವ್ರನ್ನ ಕಾಲಿಗೆ ಕಟ್ಕೋತೀರಾ?"

"ಯವ್ವಾ... ನಾ ಬೆನ್ನಷ್ಟ ನೋಡಿ ಕತ್ತರಸೇನ್ರಿ ಅಕ್ಕಾರ."

ನನ್ನ ಕೈ ಸೂಜಿಗೆ ಹೋಗಲಿಲ್ಲ. ನೀರು ಸವರಿ ಮೆಲ್ಲಗೆ ಚಿತ್ರ ಸುಲಿದೆ. ಮುಖ, ಕೈ, ಸೀರೆ ಬಂದವು. ಪಾದಗಳು ಮಾತ್ರ ಅಂಗಾಲಿನ ರಟ್ಟಿನ ಎರಡು ಪದರಗಳ ನಡುವೆ ಅಂಟಿಹೋಗಿದ್ದವು; ಬಿಡಿಸಿದರೆ ರಟ್ಟೇ ಹಾಳು. ಬೇರೆ ರಟ್ಟು ತನ್ನಿ, ಮುಂದಿನ ಭಾನುವಾರ ಮಾಡೋಣ ಎಂದೆ.

ಅವರು ಹಿಮ್ಮಡಿ ತಿಕ್ಕಿಕೊಂಡರು.

"ದಿನಾ ನಾವ ಆಕಿ ಕಾಲ ಹಿಡೀತೀವಿ. ನಾಕ ದಿನ ಆಕೀನ ನನ್ನ ಕಾಲ ಹಿಡೀಲಿ ಬಿಡ್ರಿ. ಮುಂದಿನ ಐತಾರಕ್ಕ ಕೆಲಸ ಇರತೈತೋ ಇಲ್ಲೋ."

ಒಳಗೆ ಹೋಗಿ ದೀಪ ಹಚ್ಚಿ, ತಪ್ಪಾಯಿತು ತಾಯಿ ಎಂದು ಕೈ ಮುಗಿದು ಬಂದು ಹೊಲಿದೆ.

ಸುಲಿದ ಚಿತ್ರ ಉಳಿಯಿತು. ಭಿನ್ನವಾದದ್ದನ್ನು ದೇವರ ಕೋಣೆಯಲ್ಲಿ ಇಡುವಂತಿಲ್ಲ. "ಅಕ್ಕಿ ಡಬ್ಬಿಗೆ ಹಚ್ರಿ. ಕಾಲಿಲ್ಲ, ನಿಮ್ಮನಿ ಬಿಟ್ಟ ಎಲ್ಲಿ ಹೋಗ್ತಾಳ?" ಎಂದರು. ನಗಬಾರದೆಂದುಕೊಂಡೇ ನಕ್ಕೆ.

ಮೊದಲ ಸಲ ಲಾಡಿ ಬಿಗಿಯಾಗಿ ಬೆರಳುಗಳು ಜೋಮು ಹಿಡಿದವು, ಸಡಿಲಿಸಿದೆವು. ಡಾಕ್ಟರು ಹೇಳಿದ ವ್ಯಾಯಾಮವನ್ನೂ ಬಿಡಲಿಲ್ಲ. ಹಲ್ಲು ಕಚ್ಚಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಎಷ್ಟು ವಾರವಾಯಿತೋ ನೆನಪಿಲ್ಲ... ಒಂದು ಬೆಳಗ್ಗೆ ರಂಗೋಲಿ ಹಾಕುತ್ತಿದ್ದಾಗ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿತು. ಕಂಬಿ ಹಿಡಿದು ನಡೆದೇ ಇಳಿದು ಬಂದರು. ರಂಗೋಲಿ ತುಳಿಯದಂತೆ ಸುತ್ತಿಕೊಂಡು, "ಬರ್ತೀನ್ರಿ ಅಕ್ಕಾರ" ಎಂದು ವ್ಯಾನಿನ ಕಡೆ ಹೋದರು. ಕೇಳಿದ್ದೆಲ್ಲ ಕೊಡದಿದ್ದರೂ ದೇವರು ಅಷ್ಟನ್ನು ಕೊಟ್ಟ.

ಕೆಲಸ ಉಳಿಯಿತು. ಆದರೆ ಕೆಲವು ವರ್ಷಗಳಲ್ಲಿ ಕಾರ್ಖಾನೆಯೇ ಬೇರೆ ಜಿಲ್ಲೆಗೆ ಹೋಯಿತು, ಅದರ ಹಿಂದೆ ಅವರೂ ಹೋದರು. ಸಾಮಾನು ಕಟ್ಟುವಾಗ ಆ ಪಟ್ಟಿಯನ್ನು ಚೀಲದಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟುಕೊಂಡದ್ದನ್ನು ಕಂಡೆ. ಸ್ವಲ್ಪ ಕಾಲ ಫೋನು ಬರುತ್ತಿತ್ತು. ಆಮೇಲೆ ಆ ನಂಬರಿಗೆ ಕರೆ ಹೋಗಲಿಲ್ಲ... ಈಗ ಎಲ್ಲಿದ್ದಾರೋ ತಿಳಿಯದು.

ಎದ್ದ ಅಂಚಿಗೆ ಮೈದಾ ಅಂಟು ಸವರಿ ಒತ್ತಿದೆ. ಈ ಡಬ್ಬದಲ್ಲಿ ಅಕ್ಕಿ ತಳ ಕಂಡ ದಿನವಿಲ್ಲ. ಅದೂ ಒಂದು ಕೃಪೆ. ಇವಳು ಇಲ್ಲೇ ಉಳಿದಿದ್ದಾಳೆ. ಪಾದಗಳು ಅವರ ಜೊತೆ ಹೋದವು.