ಅಡುಗೆಮನೆಯಲ್ಲಿ ಆಡಿದ ಮಾತು

ಕಳೆದ ವಾರ ಸೀವುಡ್ಸಿನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅವಳ ಸೊಸೈಟಿಯ ಲಿಫ್ಟಿನಿಂದ ಹೊರಗೆ ಕಾಲಿಟ್ಟದ್ದೇ ತಡ, ಅರಿಶಿನ ಎಲೆ ಬೆಂದ ವಾಸನೆ ಬಂತು. ಯಾರೋ ನಮ್ಮ ಕಡೆಯವರು ಕಡುಬು ಬೇಯಿಸುತ್ತಿದ್ದರು. ಕಾಲು ಮುಂದೆ ಹೋಗಲಿಲ್ಲ. ಹಿಂದೆ ಡೊಂಬಿವಲಿಯಲ್ಲಿದ್ದಾಗಿನ ಪಕ್ಕದ ಮನೆ ಅಕ್ಕ ನೆನಪಾದರು...

ಅಕ್ಕ ಕುಂದಾಪುರದ ಕಡೆಯವರು. ಹಳೆಯ ಪೇಂಟ್ ಡಬ್ಬದಲ್ಲಿ ಅರಿಶಿನ ನೆಟ್ಟು ಬಾಲ್ಕನಿ ತುಂಬ ಎಲೆ ಬೆಳೆಸಿದ್ದರು. ಗಂಡ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಬಡಿಸುವ ಕೆಲಸದಲ್ಲಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ಮಗಳನ್ನು ಶಾಲೆಯಿಂದ ಕರೆತರುವುದೇ ಅವರ ದಿನದ ಸುಖ. ನಮ್ಮ ಬಿಲ್ಡಿಂಗಿನಲ್ಲಿ, ಆ ಶಾಲೆಯಲ್ಲಿ, ನಮ್ಮ ಕಡೆಯವರ ಪೈಕಿ ತುಳುವಿನವರೇ ಹೆಚ್ಚು. ಕುಂದಾಪ್ರ ಕನ್ನಡದ ಮನೆ ಅದೊಂದೇ. "ಹ್ವಾಯ್, ಎಂತ ಮಾಡ್ತಿದ್ರಿ?" ಎಂದು ಅಕ್ಕ ಗೋಡೆಯಾಚೆಯಿಂದ ಕೂಗಿದ ಮೇಲೆಯೇ ನನಗೆ ಬೆಳಗಾಗುತ್ತಿದ್ದದ್ದು.

ಒಂದು ವರ್ಷ ಕಾಲೇಜಿನಿಂದ ಒಬ್ಬಳು ಹುಡುಗಿ ಬಂದಳು. ಕನ್ನಡ ಮನೆಗಳ ಮಕ್ಕಳು ಇಲ್ಲಿನ ಶಾಲೆಯಲ್ಲಿ ಹೇಗೆ ಹೊಂದಿಕೊಳ್ಳುತ್ತಾರೆ ಎಂಬುದು ಅವಳ ಸಂಶೋಧನೆ. ದೊಡ್ಡ ಟೀಚರ್ ಒಪ್ಪಿದ್ದರು. ಅವರೇ ಕೇಳಿದ ಮೇಲೆ ತಾಯಂದಿರು ಸಹಿ ಹಾಕದೆ ಇರುತ್ತಾರೆಯೇ? ಹುಡುಗಿ ತಮ್ಮ ಪಕ್ಕದೂರಿನವಳು ಎಂದು ತಿಳಿದದ್ದೇ ಅಕ್ಕನಿಗೆ ಸಂಶೋಧನೆ ಮರೆತೇ ಹೋಯಿತು. ತಂಗಿಯ ಮಗಳು ಬಂದಳೇನೋ ಎಂಬಂತೆ ಅಡುಗೆಮನೆಯಲ್ಲಿ ಮಣೆ ಹಾಕಿ, ಕಡುಬಿಗೆ ತುಪ್ಪ ಸುರಿದು, ಮನಸ್ಸನ್ನೂ ಬಿಚ್ಚಿದರು. ನಮ್ಮವರ ಹಣೆಬರಹವೇ ಅದು, ಊರಿನ ಹೆಸರು ಕಿವಿಗೆ ಬಿದ್ದರೆ ಸಾಕು, ಒಳಬಾಗಿಲನ್ನೂ ತೆರೆದುಬಿಡುತ್ತೇವೆ. ಹುಡುಗಿ ಕೆಟ್ಟವಳಲ್ಲ. ಆದರೆ ಉಣ್ಣುವಾಗ ಕೇಳಿದ್ದನ್ನೂ ಬರೆದುಕೊಳ್ಳುತ್ತೇನೆ ಎಂದು ಅವಳು ಹೇಳಿರಲಿಲ್ಲ.

ಕನ್ನಡ ಸಂಘದವರು ಮಕ್ಕಳಿಗೆ ಬಹುಮಾನ ಕೊಡುವ ದಿನ ಅವಳನ್ನು ಮಾತಾಡಲು ಕರೆದರು. ಅಕ್ಕನ ಗಂಡ ರಜೆ ಹಾಕಿ ಬಂದಿದ್ದರು. ಹೋಟೆಲಿನವರಲ್ಲವೇ, ಉಪ್ಪಿಟ್ಟು ಬಡಿಸುವುದನ್ನು ತಾವೇ ವಹಿಸಿಕೊಂಡಿದ್ದರು. ಹುಡುಗಿ ಯಾರ ಹೆಸರನ್ನೂ ಹೇಳದೆ, ಒಬ್ಬ ತಾಯಿಯ ಮಾತು ಎಂದು ಒಂದನ್ನು ಓದಿದಳು. ಕೇಳಲು ಸೊಗಸೆಂದು ಆಡಿದ ಹಾಗೆಯೇ ಓದಿದಳು: "ಅಪ್ಪ ಹೋಟ್ಲಂಗೆ ಬಡಿಸ್ತ್ರ್ ಅಂದ್ ಹೇಳುಕೆ ನಮ್ಮ್ ಹೆಣ್ಣಿಗೆ ನಾಚ್ಕಿ. ಅಪ್ಪ ಆಫೀಸಂಗೆ ಇದ್ರ್, ಕರ್ಕಂಡ್ ಹೋಪುಕೆ ಬಪ್ಪವ್ರ್ ಮನಿ ಕೆಲ್ಸದವ್ರ್ ಅಂದ್ ಫ್ರೆಂಡ್ಸಿಗೆ ಹೇಳತ್ತ್."

ಸಭೆ ನಕ್ಕಿತು. ಆಮೇಲೆ ಒಂದೊಂದೇ ತಲೆ ಅಕ್ಕನತ್ತ ತಿರುಗಿತು. ಹೆಸರು ಯಾಕೆ ಬೇಕು, ಆ ಭಾಷೆಯೇ ಮನೆ ತೋರಿಸಿಕೊಟ್ಟಿತ್ತು. ಅಕ್ಕನ ಗಂಡ ಉಪ್ಪಿಟ್ಟಿನ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಕರೆಯಲು ಬರುವ ತಮ್ಮನ್ನು ಮಗಳು ಮನೆಕೆಲಸದವರೆಂದು ಹೇಳಿಕೊಳ್ಳುವ ಸಂಗತಿ ಅವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಸಾಲಿನಲ್ಲಿ ಬಡಿಸುತ್ತ ಬಂದವರು ಮಗಳ ಮುಂದೆಯೂ ಬಾಗಿ, ಗಿರಾಕಿಯನ್ನು ಕೇಳುವ ಹಾಗೆ, "ಸಾಕಾ?" ಅಂದರು. ಮಗು ತಟ್ಟೆ ಬಿಟ್ಟು ಅಕ್ಕನ ಸೆರಗು ಹಿಡಿಯಿತು. "ಮಮ್ಮೀ, ಘರ್ ಚಲ್ ನಾ..." ನನಗೂ ಅಳು ಬಂತು.

ಮರುದಿನ ಹುಡುಗಿ ಓಡಿಬಂದಳು. "ಆಂಟಿ, ನಾನು ಹೆಸರು ಹಾಕಿರಲಿಲ್ಲ..." ಅಕ್ಕ ಬೈಯಲಿಲ್ಲ, ಚಹಾ ಕೊಟ್ಟರು. "ಮನಿ ಹೆಣ್ಣ್ ಅಂದ್ ಹೇಳಿದ್ದ್ ಮಗಾ, ಊರಿಗ್ ಹೇಳುಕಲ್ಲ," ಅಂದರು, ಅಷ್ಟೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅಂದಿನಿಂದ ಆ ತಂದೆ ಶಾಲೆಯ ಗೇಟಿಗೆ ಹೋಗಲಿಲ್ಲ. ದೂರದ ರಿಕ್ಷಾ ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದರು. ಮುಂದೆ ಅವರು, ಎಷ್ಟೋ ಹಿಂದೆ ಮಗಳು... ಅಕ್ಕ ಅರಿಶಿನ ಗಿಡದ ಹಿಂದೆ ನಿಂತು ನೋಡುತ್ತಿದ್ದರು. ಬೇಸಿಗೆ ರಜೆಯಲ್ಲಿ ಭಿವಂಡಿ ಕಡೆಗೆ ಮನೆ ಬದಲಿಸಿದರು.

ನಾನು ಅಕ್ಕನಿಗೆ ಆಗಾಗ ಫೋನ್ ಮಾಡುತ್ತಿದ್ದೆ. "ಚೆನ್ನಾಗಿದ್ದೇವೆ. ನೀವು ಹೇಗಿದ್ದೀರಿ?" ಎನ್ನುತ್ತಿದ್ದರು. ರೇಡಿಯೋದಲ್ಲಿ ವಾರ್ತೆ ಓದುವವರ ಕನ್ನಡ ಅದು. ಅವರ ಬಾಯಿಂದ ಕುಂದಾಪ್ರದ ಒಂದು ಪದವನ್ನೂ ನಾನು ಮತ್ತೆ ಕೇಳಲಿಲ್ಲ. ಹೋದ ವರ್ಷ ತೀರಿಕೊಂಡರಂತೆ, ಸುದ್ದಿ ನನಗೆ ತಡವಾಗಿ ಬಂತು.

ಕಡುಬಿನ ವಾಸನೆ ಬರುತ್ತಿದ್ದ ಮನೆಯ ಬಾಗಿಲು ತೆರೆದು ಒಬ್ಬ ಹೆಂಗಸು, "ಕ್ಯಾ ಹುವಾ ಆಂಟಿ?" ಎಂದಳು. ಏನಿಲ್ಲ ಎಂದೆ. ಒಳಗಿನಿಂದ ಒಂದು "ಹ್ವಾಯ್" ಕೇಳಿಸೀತೇನೋ ಎಂದು ನಿಂತಿದ್ದೇನೆ ಎಂದು ಅವಳಿಗೆ ಹೇಳಲಾಗಲಿಲ್ಲ.