ತೆಂಗಿನ ಬುಡದ ವಾಸನೆ

ಎಪ್ಪತ್ತರ ದಶಕದ ಕೊನೆಗೆ ನಾನು ಮೂಡಬಿದಿರೆಯಲ್ಲಿ ಕಾಲೇಜು ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದೆ. ಮದುವೆಯಾಗಿರಲಿಲ್ಲ. ಜೈನರ ಮನೆಯೊಂದರ ಹಿಂಬದಿಯ ಕೋಣೆಯಲ್ಲಿ ಒಬ್ಬಳೇ ಬಾಡಿಗೆಗಿದ್ದೆ. ಸಂಜೆ ಮನೆಯೊಡತಿ ಜಗಲಿಗೆ ಕರೆದು ಕೊಡುತ್ತಿದ್ದ ಕಾಫಿಯೊಂದೇ ನನಗೆ ದಕ್ಕಿದ ಮನುಷ್ಯರ ಸಹವಾಸ.

ಅದಕ್ಕೂ ಕಲ್ಲು ಹಾಕಿದವನು ಬೆಳ್ತಂಗಡಿಯ ಸಬ್ ಇನ್‌ಸ್ಪೆಕ್ಟರ್. ಒಂದು ದಿನ ಬಾಟಲಿಯಲ್ಲಿ ಮಣ್ಣು ತಂದ. ಕಕ್ಕಿಂಜೆಯ ಬ್ಯಾರಿ ಮುಸಲ್ಮಾನನೊಬ್ಬ ಅಣ್ಣನ ಜೊತೆ ಜಗಳವಾಡಿ ಕಾಣೆಯಾಗಿದ್ದನಂತೆ. ಅಣ್ಣನ ಹಿತ್ತಿಲಿನ ತೆಂಗಿನ ಬುಡದಲ್ಲಿ ಹೆಣ ಕೊಳೆತ ವಾಸನೆ ಎಂದು ನೆರೆಯವರು ದೂರಿದ್ದರು. ಅಗೆದರೆ ಬರೀ ಕಪ್ಪು ಮಣ್ಣು. ಬೂತಾಯಿ ಮೀನಿಗೆ ಉಪ್ಪು ಬೆರೆಸಿ ಗೊಬ್ಬರಕ್ಕೆ ಹೂತದ್ದು ಎಂದು ಅಣ್ಣ. ಹೆಣ ಸಾಗಿಸಿ, ವಾಸನೆ ಮುಚ್ಚಲು ಮೀನು ಸುರಿದದ್ದು ಎಂದು ಪೊಲೀಸರು. ಬೆಂಗಳೂರಿನ ಲ್ಯಾಬಿನ ವರದಿ ಬರುವಷ್ಟರಲ್ಲಿ ಆ ಅಣ್ಣ ಲಾಕಪ್ಪಿನಲ್ಲೇ ಮುದುಕನಾಗುತ್ತಾನೆ, ನೀವೊಮ್ಮೆ ನೋಡಿ ಎಂದ.

ಮೂಸಿ ಹೇಳಲು ನಾನೇನು ಪೊಲೀಸ್ ನಾಯಿಯೇ? ಕೊಳೆತದ್ದು ಮೀನಾದರೂ ಮನುಷ್ಯನಾದರೂ ಅದರ ಗ್ಯಾಸು ಸೀಸದ ದ್ರಾವಣದಲ್ಲಿ ಅದ್ದಿದ ಕಾಗದವನ್ನು ಕಪ್ಪಾಗಿಸುತ್ತದೆ; ಅದರಿಂದ ಭೇದ ತಿಳಿಯದು. ಅದಕ್ಕೇ ಅದೇ ಹಿತ್ತಿಲಿನಲ್ಲಿ, ಅದೇ ದಿನ ಮೀನು ಹಾಕಿದ ಇನ್ನೊಂದು ತೆಂಗಿನ ಬುಡದ ಮಣ್ಣನ್ನೂ ತರಿಸಿದೆ. ಕಾಲೇಜಿನ ಲ್ಯಾಬಿನಲ್ಲಿ ಎರಡಕ್ಕೂ ಕಾಸ್ಟಿಕ್ ಸೋಡಾ ಹಾಕಿ ಬಿಸಿಮಾಡಿದೆ. ಆಸಿಡ್ ಬೆರೆಸಿ, ಈಥರಿನಲ್ಲಿ ಕುಲುಕಿ, ಈಥರ್ ಆರಿದ ಮೇಲೆ ಉಳಿದ ಜಿಡ್ಡನ್ನು ತೂಗಿದೆ. ಮನುಷ್ಯನ ಕೊಬ್ಬು ಇಳಿದಿದ್ದರೆ ಮೊದಲನೆಯದರಲ್ಲಿ ಜಿಡ್ಡು ಹೆಚ್ಚಿರಬೇಕಿತ್ತು.

ಆ ನಾತ ಸೀಗೆಕಾಯಿ ಹಾಕಿ ತಿಕ್ಕಿದರೂ ಕೂದಲು ಬಿಡಲಿಲ್ಲ. ಮನೆಯೊಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು, ಕೋಣೆಯಲ್ಲಿ ಮೀನು ಬೇಯಿಸುತ್ತಿದ್ದೇನೆಯೇ ಎಂದು ಕೇಳಿದರು. ನನಗೂ ಸಿಟ್ಟು ನೆತ್ತಿಗೇರಿತು. ಮೀನೋ ಹೆಣವೋ ಇನ್ನೂ ಗೊತ್ತಾಗಿಲ್ಲ ಎಂದುಬಿಟ್ಟೆ. ಅಲ್ಲಿಗೆ ಕಾಫಿ ನಿಂತಿತು.

ಎರಡು ಮಣ್ಣೂ ಒಂದೇ ಎಂದು ಬರೆದುಕೊಟ್ಟೆ. ಅಣ್ಣನನ್ನು ಬಿಟ್ಟರು. ಅದರ ಮರುವಾರ ಕಾಣೆಯಾದವನ ಹೆಂಡತಿ ಬಸ್ಸು ಬದಲಿಸುತ್ತ ನನ್ನ ಕೋಣೆ ಹುಡುಕಿಕೊಂಡು ಬಂದಳು. ಆ ಮಣ್ಣಿನಲ್ಲಿ ಮೀನು ಬಿಟ್ಟರೆ ಬೇರೇನೂ ಕಾಣಲಿಲ್ಲ ಎಂದೆ. ಸಮಾಧಾನವಾದೀತು ಎಂದುಕೊಂಡಿದ್ದೆ. ಅವಳು ಹೊಸ್ತಿಲಲ್ಲೇ ಕುಸಿದು ಕುಳಿತಳು.

"ಗಂಡ ಸತ್ತರೆ ನಮ್ಮಲ್ಲಿ ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಅಂತ ಮನೆಯೊಳಗೇ ಕೂರ್ಲಿಕ್ಕೆ ಉಂಟು. ಅದಕ್ಕಾದ್ರೂ ಒಂದು ಕೊನೆ ಉಂಟು," ಎಂದಳು. "ಈ ಕಾಯುವುದಕ್ಕೆ ಕೊನೆ ಯಾವಾಗ ಟೀಚರೇ?"

ನೀರು ಕೊಡಲು ಹೋದರೆ ಲೋಟ ಬಿಟ್ಟು ನನ್ನ ಕೈ ಹಿಡಿದುಕೊಂಡಳು. ಕೈ ನಾರುತ್ತದೆ ಎಂದು ಎಳೆದುಕೊಳ್ಳಲು ನೋಡಿದೆ.

"ಇರ್ಲಿ," ಎಂದಳು.

ಬೆಳ್ತಂಗಡಿಯ ಬಸ್ಸಿನ ಹೊತ್ತಾಗುವವರೆಗೆ ಅವಳು ಆ ಕೈ ಬಿಡಲಿಲ್ಲ.