ದೀಪ ಹಚ್ಚುವ ಹೊತ್ತಿನ ಬಾಗಿಲು

ಇಂಗ್ಲೆಂಡಿನ ಲೀಡ್ಸಿನಲ್ಲಿರುವ ನನ್ನ ಮನೆಗೆ ಅಂಗಳವಿಲ್ಲ. ಮುಂಬಾಗಿಲು ತೆರೆದರೆ ನೇರ ಫುಟ್‌ಪಾತು. ಇರುವವಳು ನಾನೊಬ್ಬಳೇ. ಆದರೂ ಧಾರವಾಡದಿಂದ ಅವ್ವನ ಫೋನು ತಪ್ಪುವುದಿಲ್ಲ: "ದೀಪಾ ಹಚ್ಚೂ ಹೊತ್ತಿಗೆ ಬಾಗಲಾ ಹಾಕಬ್ಯಾಡವಾ, ಲಕ್ಷ್ಮೀ ಬರೂ ಹೊತ್ತು." ಇಲ್ಲಿ ಚಳಿಗಾಲದಲ್ಲಿ ನಾಲ್ಕಕ್ಕೇ ಕತ್ತಲು, ಬೇಸಿಗೆಯಲ್ಲಿ ಒಂಬತ್ತಾದರೂ ಬೆಳಕು. ಲಕ್ಷ್ಮಿಗೂ ಒಂದು ಪಾಳಿಪಟ್ಟಿ ಹಾಕಿಕೊಡಬೇಕು ಎಂದು ಅವ್ವನನ್ನು ರೇಗಿಸುತ್ತಿದ್ದೆ. ರೇಗಿಸಿದರೂ ದೀಪ ಹಚ್ಚಿ ಹತ್ತು ನಿಮಿಷ ಬಾಗಿಲು ತೆರೆದಿಡುತ್ತಿದ್ದೆ. ಲಕ್ಷ್ಮಿಯಲ್ಲದಿದ್ದರೆ ಬೇರೆ ಯಾರಾದರೂ ಬಂದಾರು ಎಂಬ ಆಸೆಯಿತ್ತು, ಸುಳ್ಳೇಕೆ.

ಮೊದಲ ಚಳಿಗಾಲದಲ್ಲಿ ಬಂದವರು ಪಕ್ಕದ ಮನೆಯ ಅಜ್ಜಿ. ಅಂಗಡಿಯಿಂದ ಅವಸರವಸರವಾಗಿ ಮರಳುತ್ತಿದ್ದವರು ನನ್ನ ಬಾಗಿಲನ್ನು ಹೊರಗಿನಿಂದಲೇ ಎಳೆದು ಹಾಕಿಕೊಂಡು ಹೋದರು! ಮರುದಿನವೂ ಅದೇ. ಸಿಟ್ಟು ನೆತ್ತಿಗೇರಿ, ಭಾನುವಾರ ಅವರ ಮನೆಗೇ ಹೋಗಿ ಕೇಳಿಬಿಟ್ಟೆ. ಅವರು ಟೀ ಕೊಟ್ಟು ಕೂರಿಸಿದರು. ಅಮೆರಿಕದ ಕಪ್ಪು ಜನ, ಮಿಸಿಸಿಪ್ಪಿಯವರು. ಇಲ್ಲಿಯವನನ್ನು ಮದುವೆಯಾಗಿ ಬಂದು, ಅವನೂ ತೀರಿಕೊಂಡು, ಈಗ ನನ್ನಂತೆಯೇ ಒಬ್ಬರೇ.

"ನನ್ನ ತಾತ ಗುಲಾಮರ ಮಗ," ಎಂದರು. "ಗುಲಾಮಗಿರಿ ಮುಗಿದು ಎಷ್ಟೋ ವರ್ಷ ಆಗಿತ್ತು. ಸ್ವಂತ ಹೊಲ ಮಾಡಿದ್ದ. ಓಟಿನ ಹಕ್ಕು ಕೇಳೋಕೆ ಹೋದ, ಅಷ್ಟೇ ಅವನ ತಪ್ಪು. ಸೆಕೆ ಅಂತ ಆವತ್ತು ಸಂಜೆ ಬಾಗಿಲು ತೆಗೆದಿಟ್ಟಿದ್ರು. ಬಿಳಿಯರು ಗುಂಪು ಕಟ್ಟಿಕೊಂಡು ಬಂದು, ಊಟಕ್ಕೆ ಕೂತವನನ್ನ ಎಳೆದುಕೊಂಡು ಹೋದ್ರು. ಬೆಳಿಗ್ಗೆ ಸೇತುವೆ ಹತ್ತಿರದ ಮರದಲ್ಲಿ ನೇತಾಡ್ತಿದ್ದ. ಕೊಂದವರು ಯಾರು ಅಂತ ಊರಿಗೆಲ್ಲ ಗೊತ್ತು, ಒಬ್ಬನೂ ಜೈಲಿಗೆ ಹೋಗಲಿಲ್ಲ. ಹೊಲಾನೂ ಅವರದೇ ಆಯ್ತು. ಅಮ್ಮ ಆಗ ಪುಟ್ಟ ಹುಡುಗಿ. ಸಾಯೋತನಕ ಹೊತ್ತು ಮುಳುಗೋ ಮುಂಚೆ ಬಾಗಿಲು ಹಾಕ್ತಿದ್ದಳು. ನಾನೂ ಹಾಕ್ತೀನಿ."

ಅವ್ವ ಹೇಳಿಕೊಟ್ಟಿದ್ದೂ ಅದೇ ಹೊತ್ತಿನ ಬಗ್ಗೆ. ದೀಪದ ಮಾತನ್ನು ನಾನೂ ಹೇಳಿದೆ. ಆಮೇಲೆ ಅವರು ನನ್ನ ಬಾಗಿಲು ಮುಟ್ಟಲಿಲ್ಲ. ನಾನು ಅದನ್ನು ಹಾಕುವವರೆಗೆ ತಮ್ಮ ಕಿಟಕಿಯಲ್ಲಿ ನಿಂತು ಕಾಯುತ್ತಿದ್ದರು.

ಮುಂದೆ ಒಂದು ಆಗಸ್ಟಿನಲ್ಲಿ, ಹೊರಗಿನಿಂದ ಬಂದವರನ್ನು ಓಡಿಸಿ ಎಂದು ಕೂಗುತ್ತ ಗುಂಪುಗಳು ಊರೂರಲ್ಲಿ ಬೀದಿಗಿಳಿದವು. ಕನ್ನಡದವರ ವಾಟ್ಸಾಪಿನಲ್ಲಿ ಒಂದೇ ಮಾತು: ಸಂಜೆ ಹೊರಗೆ ಕಾಲಿಡಬೇಡಿ. ಅವ್ವನಿಗೆ ಎಲ್ಲ ಆರಾಮ ಎಂದೆ. ಬೆಳಕಿದ್ದಾಗಲೇ ಚಿಲಕ ಹಾಕಿ, ದೀಪವನ್ನೂ ಹಚ್ಚದೆ ಮೆಟ್ಟಿಲ ಮೇಲೆ ಕೂತೆ. ಅಷ್ಟು ಒಂಟಿತನ ನನಗೆ ಎಂದೂ ಅನ್ನಿಸಿರಲಿಲ್ಲ.

ಕತ್ತಲಾಗುತ್ತಿದ್ದಂತೆ ಯಾರೋ ಬಾಗಿಲು ಬಡಿದರು.

"ನಾನಮ್ಮಾ, ಪಕ್ಕದ ಮನೆಯವಳು."

ಚಿಲಕ ತೆಗೆದೆ. ಕತ್ತಲಾದ ಮೇಲೆ ಅವರು ತಮ್ಮ ಮನೆಯ ಹೊಸ್ತಿಲು ದಾಟಿದ್ದನ್ನು ನಾನು ಕಂಡೇ ಇರಲಿಲ್ಲ.

"ನಿನ್ನ ದೀಪ ಕಾಣಲಿಲ್ಲ," ಎಂದರು.

ಹಚ್ಚಿದೆ. ಬಾಗಿಲು ಹಾಕಲು ಹೋದರೆ ತಡೆದರು. "ಹತ್ತು ನಿಮಿಷ ಅಲ್ವಾ? ತೆಗೆದೇ ಇರಲಿ." ಕುರ್ಚಿ ಎಳೆದುಕೊಂಡು ರಸ್ತೆಗೆ ಮುಖ ಮಾಡಿ ಕೂತು, ನನ್ನ ಕೈ ಹಿಡಿದರು. ಆ ಹತ್ತು ನಿಮಿಷವೂ ಅವರು ರಸ್ತೆಯ ಮೇಲಿಂದ ಕಣ್ಣು ಕೀಳಲಿಲ್ಲ, ನನ್ನ ಕೈಯನ್ನೂ ಬಿಡಲಿಲ್ಲ.